ಬೇಲಿಯಲ್ಲಿ ಹುಟ್ಟಿದ ಹಣ್ಣು: ಕವಳೆಯ ಕಥೆ



ಈ ಹೊತ್ತು ನಾನು ಭತ್ತದ ವಿಷಯ ಹೇಳುವುದಿಲ್ಲ, ಜೋಳದ ವಿಷಯವನ್ನೂ ಹೇಳುವುದಿಲ್ಲ. ಯಾರೂ ಉತ್ತು ಬಿತ್ತದೆ, ಒಂದು ಪುಟ್ಟಿ ಗೊಬ್ಬರವನ್ನೂ ಹಾಕಿಸಿಕೊಳ್ಳದೆ, ಗುಡ್ಡದ ಓರೆಯಲ್ಲಿ ತನ್ನಷ್ಟಕ್ಕೆ ತಾನು ಬೆಳೆದು ಪ್ರತಿ ಬೇಸಿಗೆಯಲ್ಲೂ ಹಣ್ಣು ಕೊಡುವ ಒಂದು ಮುಳ್ಳುಗಿಡದ ಚರಿತ್ರೆ ಹೇಳುತ್ತೇನೆ. ಧಾರವಾಡ, ಬೆಳಗಾವಿ ಕಡೆಯವರು ಇದನ್ನು ಕವಳಿ ಎನ್ನುತ್ತಾರೆ. ಮಲೆನಾಡಿನವರಿಗೆ ಇದು ಕವಳೆ. ಕರಾವಳಿಯಲ್ಲಿ ಕರಂಡೆ. ಹಳೇ ಮೈಸೂರಿನ ಕಡೆ ಕರೇಕಾಯಿ ಎಂದು ಕೇಳಿದರೆ ತೋರಿಸುತ್ತಾರೆ. ಹೆಸರು ನಾಲ್ಕಾದರೂ ಗಿಡ ಒಂದೇ.

ರಾಜಮಹಾರಾಜರಿಗೆ ಚರಿತ್ರೆ ಇರುತ್ತದೆ, ಪೊದೆಗೇನು ಚರಿತ್ರೆ ಎಂದು ನೀವು ಕೇಳಬಹುದು. ಇದೆ. ಒಂದು ಕಾಲಕ್ಕೆ ಒಂದು ಸರ್ಕಾರವೇ ಈ ಗಿಡವನ್ನು ನಂಬಿಕೊಂಡು ಕೋಟ್ಯಂತರ ಜನರ ಉಪ್ಪಿಗೆ ಅಡ್ಡ ನಿಂತಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಗಿಡವನ್ನು ಗುರುತು ಹಿಡಿಯುವುದನ್ನು ತಿಳಿದುಕೊಳ್ಳೋಣ. ಏಕೆಂದರೆ ಕಾಡಿನಲ್ಲಿ ಕೈಗೆ ಸಿಕ್ಕ ಹಣ್ಣನ್ನೆಲ್ಲ ಬಾಯಿಗೆ ಹಾಕುವಂತಿಲ್ಲ, ಮಕ್ಕಳಿಗಂತೂ ಈ ಮಾತನ್ನು ಒತ್ತಿ ಹೇಳಬೇಕು.

ಕವಳೆ ಆಳೆತ್ತರದಿಂದ ಎರಡಾಳೆತ್ತರದವರೆಗೆ ಬೆಳೆಯುವ ಪೊದೆ. ವರ್ಷವಿಡೀ ಹಸಿರು. ಎಲೆಗಳು ಒಂದಕ್ಕೊಂದು ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ದಪ್ಪ, ಮುಟ್ಟಿದರೆ ತೊಗಲಿನ ಹಾಗೆ, ಮೇಲ್ಭಾಗ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಗೆಣ್ಣಿನಲ್ಲಿ ಗಟ್ಟಿಯಾದ, ನೇರವಾದ ಮುಳ್ಳು ಜೋಡಿ ಜೋಡಿಯಾಗಿ ಇರುತ್ತದೆ, ಎಷ್ಟೋ ಮುಳ್ಳುಗಳ ತುದಿ ಕವಲೊಡೆದಿರುತ್ತದೆ. ಜನವರಿ, ಫೆಬ್ರವರಿಯಿಂದ ರೆಂಬೆಯ ತುದಿಯಲ್ಲಿ ಬಿಳಿ ಹೂವಿನ ಗೊಂಚಲು ಬರುತ್ತದೆ. ಮಲ್ಲಿಗೆಯ ತಂಗಿ ಎನ್ನಬೇಕು, ಹಾಗಿರುತ್ತದೆ. ಐದು ಎಸಳು, ಒಳ್ಳೆಯ ಪರಿಮಳ, ಹೊರಗೆ ಸ್ವಲ್ಪ ಗುಲಾಬಿ ಛಾಯೆ. ಏಪ್ರಿಲ್ ಹೊತ್ತಿಗೆ ಹಸಿರು ಕಾಯಿ, ಮೇ ತಿಂಗಳಲ್ಲಿ ಕೆಂಪೇರಿ, ಮೊದಲ ಮಳೆ ಬೀಳುವ ಹೊತ್ತಿಗೆ ಕಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಎಲೆ ಕಿತ್ತರೂ, ಕಾಯಿ ಕಿತ್ತರೂ ತೊಟ್ಟಿನಲ್ಲಿ ಬಿಳಿ ಹಾಲು ಒಸರುತ್ತದೆ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಇದರ ಬಳಗದ ಇನ್ನೊಂದು ಗಿಡವಿದೆ. ಅದರ ಎಲೆಯೂ ಚಿಕ್ಕದು, ಹಣ್ಣೂ ಚಿಕ್ಕದು. ತಿನ್ನಲು ಅದೂ ಚೆನ್ನಾಗಿಯೇ ಇರುತ್ತದೆ.

ಹಾಲು ಬಂತು ಎಂದ ಮಾತ್ರಕ್ಕೆ ಅದು ಕವಳೆ ಎಂದು ತೀರ್ಮಾನ ಮಾಡಕೂಡದು. ಕಣಗಿಲೆಯಲ್ಲೂ ಹಾಲಿದೆ, ಅದು ಕವಳೆಯ ಕುಲದ್ದೇ ಗಿಡ, ಆದರೆ ಬೇರಿನಿಂದ ಹೂವಿನವರೆಗೆ ವಿಷ. ಎಕ್ಕದಲ್ಲೂ ಹಾಲಿದೆ. ಆದರೆ ಕಣಗಿಲೆಗೂ ಎಕ್ಕಕ್ಕೂ ಮುಳ್ಳಿಲ್ಲ. ಮುಳ್ಳು ಇದೆ, ಎಲೆಯೂ ಎದುರುಬದುರು, ಆದರೆ ಹಾಲಿಲ್ಲ, ಕಾಯಿ ಸಣ್ಣ ಸೀಬೆಯಂತೆ ಹಳದಿಯಾಗಿ ತಲೆಯ ಮೇಲೆ ಕಿರೀಟ ಹೊತ್ತಿದೆ ಎಂದರೆ ಅದು ಮಗ್ಗಾರೆ. ಅದನ್ನು ತಿಂದರೆ ವಾಂತಿಯಾಗುತ್ತದೆ. ಹಳ್ಳದಲ್ಲಿ ಮೀನಿಗೆ ಮತ್ತು ಬರಿಸಲು ಜನ ಅದನ್ನು ಅರೆದು ಹಾಕುತ್ತಿದ್ದುದುಂಟು. ಇನ್ನು ಲಂಟಾನದ ಕಪ್ಪು ಹಣ್ಣು ಮೆಣಸುಕಾಳಿನಷ್ಟು ಚಿಕ್ಕದು, ಒಂದೇ ಗುಚ್ಛದಲ್ಲಿ ಒತ್ತಾಗಿ ಕೂತಿರುತ್ತದೆ, ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಅದರ ಹಸಿರು ಕಾಯಿ ವಿಷ. ಆದ್ದರಿಂದ ಎದುರುಬದುರು ಹೊಳೆಯುವ ಎಲೆ, ಜೋಡಿ ಮುಳ್ಳು, ಬಿಳಿ ಹಾಲು ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಕವಳೆ ಎನ್ನಿ. ಅನುಮಾನವಿದ್ದರೆ ಊರಿನ ದನಗಾಹಿಗಳನ್ನು ಕೇಳಿ. ಈ ವಿಷಯದಲ್ಲಿ ನಮ್ಮಂಥ ಡಿಪ್ಲೊಮಾದವರಿಗಿಂತ ಅವರ ಕಣ್ಣು ಚುರುಕು.

ಈಗ ಚರಿತ್ರೆಗೆ ಬರೋಣ. ಸಂಸ್ಕೃತದಲ್ಲಿ ಇದರ ಹೆಸರು ಕರಮರ್ದ. ಸುಶ್ರುತ ಸಂಹಿತೆಯಲ್ಲಿ ಮುಳ್ಳಿನ ಗಿಡಗಳ ಬೇರುಗಳನ್ನು ಐದರ ಗುಂಪು ಮಾಡಿ ಹೇಳಿರುವ ಕಡೆ ಇದರ ಹೆಸರು ಬರುತ್ತದೆ. ಅಂದರೆ ನಮ್ಮ ವೈದ್ಯರಿಗೆ ಈ ಗಿಡದ ಪರಿಚಯ ಬಹಳ ಹಳೆಯದು. ಸ್ವೀಡನ್ ದೇಶದ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞ 1767ರಲ್ಲಿ ಇದಕ್ಕೆ ಕ್ಯಾರಿಸ್ಸ ಕ್ಯಾರಂಡಾಸ್ ಎಂದು ಶಾಸ್ತ್ರೀಯ ನಾಮಕರಣ ಮಾಡಿದ. ಕ್ಯಾರಂಡಾಸ್ ಎಂಬುದನ್ನು ಬಾಯಿಬಿಟ್ಟು ಹೇಳಿ ನೋಡಿ, ನಮ್ಮ ಕರಂಡೆಯೇ ಕೇಳಿಸುತ್ತದೆ!

ವೈದ್ಯರಿಗೆ ಬೇರು ಬೇಕಾಗಿತ್ತು, ಮಕ್ಕಳಿಗೆ ಹಣ್ಣು ಬೇಕಾಗಿತ್ತು, ರೈತನಿಗೆ ಬೇಕಾಗಿದ್ದುದು ಮುಳ್ಳು. ತಂತಿ, ಕಲ್ಲುಕಂಬ ಇಲ್ಲದ ಕಾಲದಲ್ಲಿ ಹೊಲಕ್ಕೆ ಕಾವಲೆಂದರೆ ಜೀವಂತ ಬೇಲಿ. ಹೊಲಕ್ಕಷ್ಟೇ ಅಲ್ಲ, ಊರಿಗೂ ಕೋಟೆಗೂ ಅದೇ ಕಾವಲು. 1791ರ ಮಾರ್ಚ್ ತಿಂಗಳಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರಿನ ಪೇಟೆಯ ಮೇಲೆ ಬಿದ್ದಾಗ ಪೇಟೆಯ ಸುತ್ತ ಕಂದಕದ ಜೊತೆಗೆ ಒತ್ತಾಗಿ ಬೆಳೆಸಿದ ಮುಳ್ಳುಪೊದೆ ಇತ್ತು. ಮರುವರ್ಷ, 1792ರ ಫೆಬ್ರವರಿ 6ರ ರಾತ್ರಿ, ಅದೇ ಸೈನ್ಯ ಶ್ರೀರಂಗಪಟ್ಟಣಕ್ಕೆ ನುಗ್ಗಬೇಕಾದರೆ ಮೊದಲು ಟಿಪ್ಪುವಿನ ಮುಳ್ಳುಬೇಲಿಯನ್ನು ದಾಟಬೇಕಾಯಿತು. ಇಂಥ ಬೇಲಿಗಳಲ್ಲಿ ಬಿದಿರು, ಕತ್ತಾಳೆ, ಕಳ್ಳಿ ಮೊದಲಾಗಿ ಆಯಾ ನೆಲದಲ್ಲಿ ಸಿಕ್ಕಿದ ಮುಳ್ಳನ್ನೆಲ್ಲ ಬೆಳೆಸುತ್ತಿದ್ದರು. ಫಿರಂಗಿಯ ಗುಂಡನ್ನು ಮಣ್ಣಿನ ಗೋಡೆ ತಡೆಯುತ್ತಿತ್ತು. ಕುದುರೆಯನ್ನೂ ಕಾಲಾಳನ್ನೂ ತಡೆಯುವುದಕ್ಕೆ ಮುಳ್ಳು ಬೇಕಾಗಿತ್ತು.

ಬೇಲಿಯ ಈ ಗುಣವನ್ನು ಇಂಗ್ಲಿಷರು ಕಂಡರು. ಮುಂದೆ ತಾವೇ ಒಂದು ಬೇಲಿ ಹಾಕಿದರು. ಅದು ಸಾಮಾನ್ಯದ ಬೇಲಿಯಲ್ಲ. ಅದನ್ನು ಹಾಕಿದ್ದು ನಮ್ಮ ನಾಡಿನಲ್ಲಲ್ಲ, ಉತ್ತರ ಹಿಂದೂಸ್ಥಾನದಲ್ಲಿ. ಆದರೂ ಕೇಳಿ, ಏಕೆಂದರೆ ಆ ಬೇಲಿಯಲ್ಲಿ ನಮ್ಮ ಕವಳೆ ಇತ್ತೆಂಬುದು ಸರ್ಕಾರದ ಕಾಗದದಲ್ಲೇ ಬರೆದಿದೆ.

ಆಗ ಉಪ್ಪಿನ ಮೇಲೆ ತೆರಿಗೆ. ಆದರೆ ಎಲ್ಲ ಕಡೆ ಒಂದೇ ದರವಲ್ಲ. 1870ರ ಆಸುಪಾಸಿನಲ್ಲಿ ಬಂಗಾಳದಲ್ಲೂ ಗಂಗೆಯ ಬಯಲಿನಲ್ಲೂ ಒಂದು ಮಣ ಉಪ್ಪಿಗೆ 3 ರೂಪಾಯಿ, ಅದಕ್ಕಿಂತ ಮೇಲೆ. ಆ ಮಣವೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 37 ಕಿಲೋ. ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಅದೇ ಮಣಕ್ಕೆ 2 ರೂಪಾಯಿಗೂ ಕಡಿಮೆ. ರಾಜಸ್ಥಾನದ ಸಾಂಭರ್ ಸರೋವರದ ಉಪ್ಪಂತೂ ದೇಶೀಯ ರಾಜರ ಕೈಯಲ್ಲಿ. ಅಗ್ಗದ ಉಪ್ಪು ಇರುವ ಕಡೆಯಿಂದ ತುಟ್ಟಿ ಇರುವ ಕಡೆಗೆ ಜನ ತಲೆಯ ಮೇಲೆ, ಎತ್ತಿನ ಮೇಲೆ, ಒಂಟೆಯ ಮೇಲೆ ಹೊತ್ತು ತರುವುದು ಸಹಜ ತಾನೆ? ಅದನ್ನು ತಡೆಯಲು ಸರ್ಕಾರ ದೇಶದ ನಡುವೆಯೇ ಒಂದು ಸುಂಕದ ಗಡಿ ಎಳೆಯಿತು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿ ಉದ್ದವಾಗಿತ್ತು. ಕಾಯುವವರು ಸುಮಾರು 12 ಸಾವಿರ ಮಂದಿ.

ಮೊದಮೊದಲು ಅಲ್ಲಿ ಒಣಮುಳ್ಳಿನ ಬೇಲಿ ಹಾಕಿದರು. ಒಣಬೇಲಿಯ ಕಷ್ಟ ನಿಮಗೆ ಗೊತ್ತೇ ಇದೆ. ಒಂದು ಎಕರೆಗೆ ಹಾಕಿದರೇ ಪ್ರತಿ ವರ್ಷ ಮತ್ತೆ ಹೊರಬೇಕು. ಅಲ್ಲಿ ಮೈಲಿಗಟ್ಟಲೆ! ಒಂದು ಮೈಲಿಗೆ 250 ಟನ್ನಿನವರೆಗೂ ಮುಳ್ಳು ಬೇಕಾಗುತ್ತಿತ್ತು. ಗೆದ್ದಲು ತಿಂದಿತು, ಬೆಂಕಿ ಬಿತ್ತು, ಬಿರುಗಾಳಿ ಎತ್ತಿ ಒಗೆಯಿತು. 1867ರಿಂದ 1870ರವರೆಗೆ ಈ ಸುಂಕದ ಗಡಿಗೆ ಮುಖ್ಯಾಧಿಕಾರಿಯಾಗಿದ್ದವನು ಅಲನ್ ಆಕ್ಟೇವಿಯನ್ ಹ್ಯೂಮ್. ಒಣಬೇಲಿಯ ಖರ್ಚನ್ನು ಲೆಕ್ಕ ಹಾಕಿದ ಅವನು ಜೀವಂತ ಬೇಲಿ ಬೆಳೆಸುವ ಕೆಲಸಕ್ಕೆ ಬಲವಾಗಿ ಕೈಹಾಕಿದ. ನೆಲ ನೋಡಿ, ಮಳೆ ನೋಡಿ ಗಿಡ ಆರಿಸಿದರು. ಬರಡು ನೆಲವಿದ್ದ ಕಡೆ ಚರಂಡಿ ತೋಡಿ ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತಂದು ತುಂಬಿದರು. ನೀರು ನಿಲ್ಲುವ ಕಡೆ ಏರಿ ಹಾಕಿ ಅದರ ಮೇಲೆ ನೆಟ್ಟರು. ಜಾಲಿ, ಬೋರೆ, ಪಾಪಾಸುಕಳ್ಳಿ, ಇನ್ನೊಂದು ಜಾತಿಯ ಹಾಲುಗಳ್ಳಿ, ಇವುಗಳ ಜೊತೆಗೆ ಕವಳೆ. ಚೆನ್ನಾಗಿ ಬೆಳೆದ ಕಡೆ ಬೇಲಿ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ. ಮನುಷ್ಯನಿರಲಿ, ಹಂದಿಯೂ ನುಸುಳಲಾರದು ಅನ್ನಿ. ಒಬ್ಬ ವ್ಯವಸಾಯ ಇಲಾಖೆಯವನಾಗಿ ಹೇಳುವುದಾದರೆ ಕೆಲಸವೇನೋ ಅಚ್ಚುಕಟ್ಟು. ಆದರೆ ಯಾವ ಕಾರಣಕ್ಕೆ ಅಷ್ಟು ಅಚ್ಚುಕಟ್ಟು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಬೇಲಿ ಬೆಳೆಯನ್ನು ಕಾಯಬೇಕು. ಇದು ಬಡವನ ಗಂಜಿಗೆ ಉಪ್ಪು ಬೀಳದಂತೆ ಕಾಯಿತು. ನಮ್ಮ ಕಡೆ ಧಾತು ಈಶ್ವರದ ಬರ ಎಂದು ಹಿರಿಯರು ಹೇಳುವ 1876ರಿಂದ 1878ರ ಆ ಭೀಕರ ಕಾಲದಲ್ಲೂ ಬೇಲಿ ನಿಂತೇ ಇತ್ತು, ಕಾವಲುಗಾರರು ನಿಂತೇ ಇದ್ದರು.

1878ರ ವರದಿಯ ಪ್ರಕಾರ ಪೂರ್ಣವಾಗಿ ಹಸಿರಾಗಿ ಬೆಳೆದಿದ್ದುದು ಸುಮಾರು 411 ಮೈಲಿ ಮಾತ್ರ. ಉಳಿದ ಕಡೆ ಅರ್ಧ ಹಸಿರು, ಅರ್ಧ ಒಣಮುಳ್ಳು, ಅಲ್ಲಲ್ಲಿ ಕಲ್ಲುಗೋಡೆ. ಅಷ್ಟರಲ್ಲಿ ಸಾಂಭರ್ ಸರೋವರವನ್ನು ಸರ್ಕಾರ 1870ರಲ್ಲೇ ಗುತ್ತಿಗೆಗೆ ತೆಗೆದುಕೊಂಡಿತ್ತು. ಉಪ್ಪು ಹುಟ್ಟುವ ಜಾಗವೇ ಕೈಗೆ ಬಂದ ಮೇಲೆ ದಾರಿಯಲ್ಲಿ ಬೇಲಿ ಏಕೆ? ದರಗಳನ್ನು ಹತ್ತಿರ ತಂದು 1879ರಲ್ಲಿ ಗಡಿಯನ್ನು ಕೈಬಿಟ್ಟರು. ತೆರಿಗೆ ಹೋಗಲಿಲ್ಲ, ಬೇಲಿ ಮಾತ್ರ ಹೋಯಿತು. ರೈತರು ಅದನ್ನು ಸೌದೆಗೆ ಕಡಿದರು, ಕೆಲವು ಕಡೆ ಅದರ ಏರಿಯೇ ರಸ್ತೆಯಾಯಿತು. ನೂರು ವರ್ಷಕ್ಕೆ ಜನಕ್ಕೆ ಅದರ ನೆನಪೂ ಅಳಿಸಿಹೋಗಿತ್ತು. ರಾಯ್ ಮಾಕ್ಸ್‌ಹ್ಯಾಮ್ ಎಂಬ ಇಂಗ್ಲಿಷ್ ಲೇಖಕ ಹುಡುಕುತ್ತ ಬಂದು 1998ರಲ್ಲಿ ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಅದರ ಒಂದು ಸಣ್ಣ ತುಂಡನ್ನು ಕಂಡ. ಇನ್ನು ಆ ಹ್ಯೂಮ್, ಅವನು 1871ರಲ್ಲಿ ಭಾರತ ಸರ್ಕಾರ ಹೊಸದಾಗಿ ತೆರೆದ ಕಂದಾಯ, ವ್ಯವಸಾಯ, ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾದ. 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದವರಲ್ಲಿ ಮುಖ್ಯನಾದ. ಮನುಷ್ಯರ ಚರಿತ್ರೆ ಕವಳೆಯ ಮುಳ್ಳಿನ ಹಾಗೆ, ಒಂದೇ ಬುಡದಿಂದ ಎರಡು ಕಡೆಗೆ ಕವಲೊಡೆಯುತ್ತದೆ.

ಸುಂಕದ ಬೇಲಿಯಲ್ಲಿ ಕವಳೆಯ ಜೊತೆಗಿದ್ದ ಪಾಪಾಸುಕಳ್ಳಿಯ ಕಥೆ ಬೇರೆ. ಅದು ಅಮೆರಿಕ ಖಂಡದ ಗಿಡ. ನೀರು ಬೇಡ, ಆರೈಕೆ ಬೇಡ, ಒಂದು ತುಂಡು ಎಸೆದರೆ ಬೇಲಿ. ಹೀಗಾಗಿ ನಮ್ಮ ಜನಕ್ಕೂ ಅದು ಸಲೀಸೆನಿಸಿತು. ಆದರೆ ಕವಳೆ ನೆಟ್ಟ ಜಾಗದಲ್ಲಿ ನಿಲ್ಲುತ್ತದೆ, ಪಾಪಾಸುಕಳ್ಳಿ ನಿಲ್ಲುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನಿಜವಾಯಿತು. ಹೊಲ, ಗೋಮಾಳ, ಕೆರೆಯಂಗಳ ಎಲ್ಲವನ್ನೂ ನುಂಗಿತು. ಅದನ್ನು ಹತೋಟಿಗೆ ತಂದದ್ದು ಕುಡುಗೋಲಲ್ಲ, ಒಂದು ಹುಳು. ಕೆಂಪು ಬಣ್ಣ ತೆಗೆಯುವ ಹುಳು ಎಂದು ಭ್ರಮಿಸಿ 1795ರಲ್ಲಿ ಕಂಪನಿಯವರು ಕಲ್ಕತ್ತೆಗೆ ಒಂದು ಹುಳು ತಂದಿದ್ದರು. ಬಣ್ಣಕ್ಕೆ ಅದು ಕೆಲಸಕ್ಕೆ ಬರಲಿಲ್ಲ, ಆದರೆ ಒಂದು ಜಾತಿಯ ಕಳ್ಳಿಯನ್ನು ತಿಂದು ತೀರಿಸಿತು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಗೆ 1926ರಲ್ಲಿ ಸಿಂಹಳದಿಂದ ಬೇರೆ ಹುಳು ಬಂತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಕಾಡು ಕರಗಿತು.

ಲಂಟಾನಕ್ಕೆ ಅಂಥ ಹುಳು ಇನ್ನೂ ಸರಿಯಾಗಿ ಸಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ಬಂದ ಗಿಡ ಅದು. ಹಕ್ಕಿ ಹಣ್ಣು ತಿಂದು ಬೀಜ ಹರಡಿತು, ಬೇಲಿಯಾಗಲೆಂದು ಜನವೂ ನೆಟ್ಟರು. ದನ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಮೇವಿಲ್ಲದೆ ತಿಂದರೆ ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಇಂದು ಕುರುಚಲು ಕಾಡುಗಳಲ್ಲಿ ಕವಳೆ ಮೊಳೆಯಬೇಕಾದ ಜಾಗವನ್ನು ಅದು ಮುಚ್ಚಿಕೊಂಡು ಕೂತಿದೆ. ಇನ್ನು ಮುಳ್ಳುತಂತಿ. ಅಮೆರಿಕದಲ್ಲಿ 1874ರಲ್ಲಿ ಅದಕ್ಕೆ ಹಕ್ಕುಪತ್ರ ಸಿಕ್ಕಿತು, ಕಾಲಕ್ರಮದಲ್ಲಿ ನಮ್ಮ ಹೊಲಗಳಿಗೂ ಬಂತು. ತಂತಿಯನ್ನು ನಾನು ದೂರುವುದಿಲ್ಲ. ಒಂದೇ ದಿನದಲ್ಲಿ ಬೇಲಿಯಾಗುತ್ತದೆ, ಜಾಗ ನುಂಗುವುದಿಲ್ಲ. ಆದರೆ ತಂತಿ ಹಾಕುವಾಗ ಗಡಿಯಲ್ಲಿರುವ ಹಳೆಯ ಕವಳೆಮಟ್ಟಿಗಳನ್ನು ಬುಡಸಹಿತ ಯಂತ್ರದಿಂದ ಕೀಳಿಸುತ್ತೀರಲ್ಲ, ಅದಕ್ಕೆ ಮಾತ್ರ ನನ್ನ ತಕರಾರು. ಗಡಿಯಲ್ಲಿ ಬೇರುಬಿಟ್ಟ ಪೊದೆ ಮಣ್ಣನ್ನೂ ಹಿಡಿದುಕೊಂಡಿರುತ್ತದೆ. ತಂತಿಯನ್ನು ಅದರ ಪಕ್ಕದಲ್ಲೇ ಎಳೆದರೆ ಆಗದೇ?

ಇದರಲ್ಲಿ ಇನ್ನೊಬ್ಬರ ಅನ್ನವೂ ಇದೆ. ಬೇಸಿಗೆಯಲ್ಲಿ ಖಾನಾಪುರದ ಕಡೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕವಳಿ ಹಣ್ಣು ತುಂಬಿಕೊಂಡು ಬೆಳಗಾವಿಯ ಪೇಟೆಗೆ ಬರುತ್ತಾರೆ. ಆ ಬುಟ್ಟಿಗೆ ಬಂಡವಾಳ ಹಾಕಬೇಕಿಲ್ಲ, ಕೈಗೆ ಮುಳ್ಳು ಚುಚ್ಚಿಸಿಕೊಂಡರೆ ಸಾಕು. ಹೊಲವಿಲ್ಲದವರಿಗೆ ಹೊಲದ ಕೆಲಸ ಕಡಿಮೆ ಇರುವ ಕಾಲದಲ್ಲಿ ನಾಲ್ಕು ಕಾಸು. ಗೋಮಾಳದ ಕವಳೆ ಕಡಿದರೆ ಯಾರ ಹೆಸರಿನ ಪಹಣಿಯಲ್ಲೂ ನಷ್ಟ ಕಾಣುವುದಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ. ಅರಣ್ಯದೊಳಗೆ ಹೋಗುವ ಮುಂಚೆ ಮಾತ್ರ ಅರಣ್ಯ ಇಲಾಖೆಯವರನ್ನು ವಿಚಾರಿಸಿ. ತಲೆತಲಾಂತರದಿಂದ ಕಾಡಿನಲ್ಲಿ ಬಾಳಿದವರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯಿದೆ ಹಕ್ಕು ಕೊಟ್ಟಿದೆ, ಎಲ್ಲರಿಗೂ ಎಲ್ಲ ಕಡೆ ಅಲ್ಲ.

ಕೀಳುವಾಗ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಹಾಲು ಅಂಟುವುದಿಲ್ಲ. ಆ ಕೈಯನ್ನು ಕಣ್ಣಿಗೆ ಉಜ್ಜಬಾರದು. ರೆಂಬೆ ಮುರಿದು ನೆಲಕ್ಕೆ ಕೆಡವಿ ಹಣ್ಣು ಆಯುವವರಿದ್ದಾರೆ. ಮರುವರ್ಷದ ಹೂವು ಬರುವುದು ರೆಂಬೆಯ ತುದಿಯಲ್ಲೇ ಎಂಬುದನ್ನು ಅವರು ಮರೆಯುತ್ತಾರೆ. ಉಪ್ಪಿನಕಾಯಿಗೆ ಬೀಜ ಗಟ್ಟಿಯಾಗದ ಹಸಿರು ಕಾಯಿ, ಚಟ್ನಿಗೆ ಗೊಜ್ಜಿಗೆ ಕೆಂಪಡರಿದ್ದು, ಹಾಗೇ ತಿನ್ನಲು ಪೂರ್ತಿ ಕಪ್ಪಾದದ್ದು. ಕಪ್ಪಾದ ಹಣ್ಣು ಎರಡು ಮೂರು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ.

ತಾಯಂದಿರಿಗೆ ಉಪ್ಪಿನಕಾಯಿ ಹಾಕುವುದನ್ನು ನಾನು ಹೇಳಿಕೊಡಬೇಕಿಲ್ಲ. ಆದರೆ ಹೊಸಬರು ಇದ್ದರೆ ಹೀಗೆ ಮಾಡಬಹುದು. ಒಂದು ಕಿಲೋ ಕಾಯನ್ನು ತೊಳೆದು ತೊಟ್ಟು ತೆಗೆದು ಒಂದೊಂದನ್ನೂ ಸೀಳಿ ಒಂದು ರಾತ್ರಿ ಉಪ್ಪುನೀರಿನಲ್ಲಿ ಬಿಡಿ. ಹಾಲೆಲ್ಲ ಹೊರಗೆ ಬರುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಯಿಯನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಆರಿಸಿ, 200 ಗ್ರಾಂ ಉಪ್ಪು ಬೆರೆಸಿ ಜಾಡಿಗೆ ತುಂಬಿ. ದಿನಕ್ಕೊಮ್ಮೆ ಕುಲುಕುತ್ತಿದ್ದರೆ ನಾಲ್ಕೈದು ದಿನದಲ್ಲಿ ನೀರು ಬಿಡುತ್ತದೆ. ಆಮೇಲೆ ನಿಮ್ಮ ಮನೆಯ ಪದ್ಧತಿಯಂತೆ ಮೆಣಸಿನಪುಡಿ, ಸಾಸಿವೆ, ಅರಿಶಿನ. ಒದ್ದೆ ಕೈ ತಾಗಬಾರದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಈ ಹುಳಿಯನ್ನು ಇಡಲೇಬೇಡಿ. ಕೆಂಪಡರಿದ ಕಾಯಿಯಲ್ಲಿ ಅಂಟುಗುಣ ಹೆಚ್ಚು. ಬೇಯಿಸಿ ಸೋಸಿ ಬೆಲ್ಲ ಅಥವಾ ಸಕ್ಕರೆ ಹಾಕಿ ಕುದಿಸಿದರೆ ತಾನಾಗಿ ಗಟ್ಟಿಕಟ್ಟುತ್ತದೆ. ಅಂದ ಹಾಗೆ, ಪೇಟೆಯ ಬೇಕರಿಯಲ್ಲಿ ಕೇಕಿನ ಮೇಲೆ ಚೆರ್ರಿ ಎಂದು ಕೂರಿಸುವ ಕೆಂಪು ಹಣ್ಣು ಎಷ್ಟೋ ಸಲ ಸಕ್ಕರೆಪಾಕದಲ್ಲಿ ಅದ್ದಿ ಬಣ್ಣ ಹಾಕಿದ ನಮ್ಮ ಕವಳೆಯೇ. ಕಾಡಿನಲ್ಲಿ ಬಿಟ್ಟಿ ಬಿದ್ದದ್ದನ್ನು ನಾವು ಅಲ್ಲಿ ಕಾಸು ಕೊಟ್ಟು ತಿನ್ನುತ್ತೇವೆ!

ಗಡಿಯಲ್ಲಿ ಕವಳೆ ಇಲ್ಲದವರು ಬೆಳೆಸಿಕೊಳ್ಳಬಹುದು. ಪೂರ್ತಿ ಮಾಗಿದ ಹಣ್ಣಿನ ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಿ, ವಾರದೊಳಗೆ ಮಡಿಯಲ್ಲೋ ಚೀಲದಲ್ಲೋ ಹಾಕಬೇಕು. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಕಟ್ಟಿಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಒಂದು ವರ್ಷದ ಸಸಿಯನ್ನು ಮುಂಗಾರಿನಲ್ಲಿ ಎರಡೆರಡು ಅಡಿಗೆ ಒಂದರಂತೆ ನೆಡಿ. ಮೊದಲ ಎರಡು ವರ್ಷ ಮೇಕೆಯಿಂದ ಕಾಪಾಡಿ, ತಲೆ ಚಿವುಟಿ ಪಕ್ಕದ ರೆಂಬೆ ಬರಿಸಿ. ಮೂರನೆಯ ವರ್ಷದಿಂದ ಕಾಯಿ ಕಾಣಬಹುದು, ಬೇಲಿಯಾಗಿ ಮುಚ್ಚಿಕೊಳ್ಳಲು ಇನ್ನೂ ಒಂದೆರಡು ವರ್ಷ ಬೇಕು. ಕತ್ತರಿ ಹಾಕುವ ಕಾಲವನ್ನು ಮಾತ್ರ ಗಮನದಲ್ಲಿಡಿ. ಸುಂಕದವರ ಹಾಗೆ ಸದಾ ಒತ್ತಾಗಿ ಕತ್ತರಿಸುತ್ತಿದ್ದರೆ ಮುಳ್ಳಷ್ಟೇ ಸಿಗುತ್ತದೆ. ಹಣ್ಣು ಮುಗಿದ ಮೇಲೆ, ಜೂನ್ ಕೊನೆಯಲ್ಲೋ ಜುಲೈ ತಿಂಗಳಲ್ಲೋ ಒಂದೇ ಸಲ ಕತ್ತರಿಸಿ, ಮಳೆಯಲ್ಲಿ ಹೊಸ ಚಿಗುರು ಬರಲು ಬಿಟ್ಟು, ದೀಪಾವಳಿಯ ನಂತರ ಆ ಬೇಲಿಗೆ ಕತ್ತರಿ ಮುಟ್ಟಿಸಬೇಡಿ.